ನಕ್ಷತ್ರದ ಲಾರಿಗೆ ಟಿ ಲಾರಿಯ ಆಕ್ಸಲ್

ದೊಡ್ಡಪ್ಪನ ಹಳೇ ಟಾಟಾ ಲಾರಿಯ ಮೂತಿ ಮೇಲೆ ಬೆಂಜ್ ನಕ್ಷತ್ರ ಇತ್ತು. ರೈಲ್ವೆ ಎಂಜಿನ್ ಮಾಡಲೆಂದು 1945ರಲ್ಲಿ ಹುಟ್ಟಿದ ಟೆಲ್ಕೋ, 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 15 ವರ್ಷದ ಒಪ್ಪಂದ 1969ಕ್ಕೆ ಮುಗಿದು ನಕ್ಷತ್ರ ಇಳಿಯಿತು, ಟಿ ಏರಿತು. ಲಾರಿಯ ಮೈಕಟ್ಟು ಮಾತ್ರ ರಾತ್ರೋರಾತ್ರಿ ಬದಲಾಗಲಿಲ್ಲ. ಇದು ನನಗೆ ಗೊತ್ತಾಗಿದ್ದು ಗುಜರಿಯಿಂದ.

ನಾನಾಗ ಏಳನೇ ಕ್ಲಾಸು. ಕಬ್ಬಿನ ಸೀಸನ್ನಲ್ಲೇ ಲಾರಿ ಹಳ್ಳಕ್ಕಿಳಿದು ಮುಂದಿನ ಆಕ್ಸಲ್ ಬಾಗಿತು. ಗಾಡಿ ನಿಂತರೂ ಸಾಲದ ಬಡ್ಡಿ ನಿಲ್ಲಲ್ವಲ್ಲ! ದೊಡ್ಡಪ್ಪ ಗುಜರಿಯಿಂದ ಟಿ ಲಾರಿಯ ಆಕ್ಸಲ್ ತಂದ್ರು. ಮೇಸ್ತ್ರಿ ಚಾಸಿ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಯು-ಬೋಲ್ಟ್ ಬಿಚ್ಚಿ ಹಳೇದನ್ನು ಚಕ್ರ ಸಮೇತ ಹೊರಗೆ ಉರುಳಿಸಿದ. ತಂದಿದ್ದು ಸ್ಪ್ರಿಂಗ್ ಕೆಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕಿಂಗ್‌ಪಿನ್ನಿಗೆ ಹೊಸ ಬುಷ್ ಹಾಕಿದ್ದಾಯ್ತು.

ಆದರೂ ಗಾಡಿ ಹಾವಿನ ಹಾಗೆ ಹರೀತಿತ್ತು. ತಿರುಗಿಸಿದ ಸ್ಟೇರಿಂಗ್ ವಾಪಸ್ ಬರ್ತಿರಲಿಲ್ಲ. ನೋಡಿದ್ರೆ, ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಇಡೋ ಓರೆ ಪಟ್ಟಿ ಹಿಂದುಮುಂದಾಗಿತ್ತು. ಕಿಂಗ್‌ಪಿನ್ನಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿದ್ರೇನೇ ಚಕ್ರ ತಾನಾಗಿ ನೆಟ್ಟಗಾಗೋದು. (ಇದಕ್ಕೆ ಕ್ಯಾಸ್ಟರ್ ಅಂತಾರೆ ಅನ್ನೋದು ಬಿಇಗೆ ಬಂದಮೇಲೆ ಗೊತ್ತಾಯ್ತು.) ಪಟ್ಟಿ ತಿರುಗಿಸಿಟ್ಟ ಮಾರನೇ ದಿನವೇ ಲಾರಿ ಕಬ್ಬು ಹೊತ್ತು ಹೊರಟಿತು.

ಕೊನೆಗೊಮ್ಮೆ ಆ ಲಾರಿಯೂ ಗುಜರಿಗೆ ಹೋಯಿತು. ದೊಡ್ಡಪ್ಪ ನಕ್ಷತ್ರವೊಂದನ್ನೇ ಬಿಚ್ಚಿಕೊಂಡು ಬಂದ್ರು. ಆಕ್ಸಲ್ ಅಲ್ಲೇ ಉಳಿಯಿತು.