1891ರ ಎರಡು ಕಾಯಿದೆಗಳಲ್ಲಿ ಹೆಣ್ಣುಮಗುವಿನ ವಯಸ್ಸು

ಬ್ರಿಟಿಷ್ ಭಾರತದ 1891ರ ಹತ್ತನೆಯ ಕಾಯಿದೆ ಸಮ್ಮತಿ ವಯಸ್ಸಿನದು, ಹನ್ನೊಂದನೆಯದು ಕಾರ್ಖಾನೆಗಳದು. ಒಂದನ್ನು ಸಮಾಜಸುಧಾರಣೆಯ ಚರಿತ್ರಕಾರರೂ ಮತ್ತೊಂದನ್ನು ಕಾರ್ಮಿಕ ಚರಿತ್ರಕಾರರೂ ಹಂಚಿಕೊಂಡುಬಿಟ್ಟಿದ್ದಾರೆ. ಒಂದೇ ಕಟ್ಟಿನಲ್ಲಿ ದೊರೆತ ಎರಡು ಓಲೆಪ್ರತಿಗಳನ್ನು ಹೀಗೆ ಬೇರ್ಪಡಿಸಿ ಓದಲು ಗ್ರಂಥಸಂಪಾದಕರು ಹಿಂಜರಿಯುತ್ತಾರೆ.

ಹತ್ತನೆಯ ಕಾಯಿದೆಯು ಹುಡುಗಿಯ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಗಂಡನೂ ಇದಕ್ಕೆ ಹೊರತಾಗಿರಲಿಲ್ಲ. ಬೆಹ್ರಾಮ್‌ಜಿ ಮಲಬಾರಿಯವರ ಪ್ರಚಾರ, ರಖಮಾಬಾಯಿಯವರ ಮೊಕದ್ದಮೆ, ಬಂಗಾಳದ ಬಾಲವಧು ಫೂಲ್‌ಮಣಿಯ ದಾರುಣ ಮರಣ ಇದರ ಹಿನ್ನೆಲೆಯಲ್ಲಿದ್ದವು. ತಿಲಕರು ಇದನ್ನು ಉಗ್ರವಾಗಿ ವಿರೋಧಿಸಿದರು.

ಹನ್ನೊಂದನೆಯದು ಧರ್ಮದ ಪ್ರಶ್ನೆಯಾಗಲಿಲ್ಲ. ಗಿರಣಿಗೆ ಸೇರುವ ಕನಿಷ್ಠ ವಯಸ್ಸು 7ರಿಂದ 9ಕ್ಕೇರಿತು. 14ರೊಳಗಿನ ಮಕ್ಕಳ ದುಡಿಮೆ ದಿನಕ್ಕೆ 7 ಗಂಟೆಗೆ, ಹೆಂಗಸರದು 11 ಗಂಟೆಗೆ ಮಿತಿಗೊಂಡಿತು. ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕಾರ್ಮಿಕರ ಬೇಡಿಕೆಗಳನ್ನು 1884ರಲ್ಲಿಯೇ ಮಂಡಿಸಿದ್ದರು. ಲ್ಯಾಂಕಶೈರ್ ಮಾಲೀಕರ ಒತ್ತಾಯವೂ ಕೆಲಸಮಾಡಿತ್ತು. ಅವರ ಕರುಣೆಯಲ್ಲಿ ಪೈಪೋಟಿಯ ಭಯ ಬೆರೆತಿದ್ದುದನ್ನು ಮರೆಮಾಚಬೇಕಾಗಿಲ್ಲ.

ಎರಡನ್ನೂ ಕೂಡಿಸಿ ಓದಿದಾಗ 13ರ ಹುಡುಗಿ ಗಿರಣಿಯಲ್ಲಿ ಮಗು, ಮನೆಯಲ್ಲಿ ಹೆಂಡತಿ. ಗಿರಣಿಯೊಳಗೆ ಅವಳ ದುಡಿಮೆಗೆ ಗಂಟೆಗಳ ಲೆಕ್ಕವುಂಟು. ಮನೆಯೊಳಗಿನ ದುಡಿಮೆಗೆ ಅದಿಲ್ಲ. ಮದುವೆಯ ವಯಸ್ಸನ್ನಂತೂ ಈ ಎರಡೂ ಮುಟ್ಟಲಿಲ್ಲ. ಅದನ್ನು ಮುಟ್ಟಿದ್ದು ಮೈಸೂರು ಸಂಸ್ಥಾನದ 1894ರ ಬಾಲ್ಯವಿವಾಹ ಪ್ರತಿಬಂಧಕ ಶಾಸನ. ಅದು ಹುಡುಗಿಗೆ ಗೊತ್ತುಮಾಡಿದ ಕನಿಷ್ಠ ವಯಸ್ಸು 8.