ಮುಂಡಗೋಡಿಗೆ ಬಂದವರು

ಹುಬ್ಬಳ್ಳಿಯಿಂದ ಶಿರಸಿಗೆ ಹೊರಟರೆ, ಬಯಲು ಮುಗಿದು ಕಾಡು ಶುರುವಾಗುವಲ್ಲಿ ಮುಂಡಗೋಡು. ಉತ್ತರ ಕನ್ನಡದ ತಾಲ್ಲೂಕಾದರೂ ಇಲ್ಲಿ ಕಡಲ ಗಾಳಿಯಿಲ್ಲ; ಮಾತು, ರೊಟ್ಟಿ, ವ್ಯಾಪಾರ ಎಲ್ಲ ಹುಬ್ಬಳ್ಳಿ ಕಡೆಯವೇ. ಪೇಟೆಯಲ್ಲಿ ಲಿಂಗಾಯತ ರೈತರು, ಮುಸ್ಲಿಂ ವ್ಯಾಪಾರಿಗಳು, ಲಂಬಾಣಿಗರು, ಗೌಳಿಗರು, ಸಿದ್ದಿಗಳು, ಕೆಂಪು ನಿಲುವಂಗಿಯ ಲಾಮಾಗಳು ಎಲ್ಲರೂ ಕಾಣುತ್ತಾರೆ. ಎಲ್ಲರಿಗಿಂತ ಈಚೆಗೆ ಬಂದವರ ಇಸವಿ ಸರ್ಕಾರಿ ಕಡತದಲ್ಲಿದೆ. ಸಂಕೋಲೆಯಲ್ಲಿ ಬಂದವರದು ಯಾವ ಕಡತದಲ್ಲೂ ಇಲ್ಲ.

ಟಿಬೆಟನ್ನರು ಬಂದದ್ದು 1966ರಲ್ಲಿ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ. ಕಾಡು ಕಡಿದು ಕ್ಯಾಂಪ್ ಕಟ್ಟಿಕೊಂಡರು, ಗೋವಿನಜೋಳ ಬೆಳೆದರು, ಚಳಿಗಾಲಕ್ಕೆ ಸ್ವೆಟರ್ ಮಾರಲು ನಗರಗಳಿಗೆ ಹೊರಟರು. ಲಾಸಾದ ಬಳಿ 1409ರಲ್ಲಿ ಹುಟ್ಟಿದ ಗಾಂದೆನ್, 1416ರ ದ್ರೆಪುಂಗ್ ಎಂಬ ಮಹಾಮಠಗಳು ಇಲ್ಲಿ ಮತ್ತೆ ಎದ್ದವು. ಅದಕ್ಕೆ ಮೊದಲು ಅವುಗಳ ಎಷ್ಟೋ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಕೋಟೆಯಲ್ಲಿ, ಕ್ಷಯದಿಂದ ನರಳುತ್ತ ದಿನ ದೂಡಿದ್ದರು.

ಮೈನಳ್ಳಿ, ಗುಂಜಾವತಿ ಕಡೆಯ ಸಿದ್ದಿಗಳ ಕಥೆ ಬೇರೆ. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದು ಮಾರಿದ ಜನರಲ್ಲಿ ಹಲವರು ಒಡೆಯರ ಕೈ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಓಡಿಹೋದವನು ಗುರುತು ಬಿಡುತ್ತಾನೆಯೇ? ಹಾಗಾಗಿ ದಾಖಲೆ ಹುಡುಕುವವರಿಗೆ ಸಿಗುವುದು ಬರೀ ಮೌನ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರಲ್ಲಿ ಆಫ್ರಿಕಾದ ಬಾಂಟು ಭಾಷಿಕರ ರಕ್ತದ ಜೊತೆಗೆ ಭಾರತೀಯರ ಅಂಶವನ್ನೂ ಸ್ವಲ್ಪ ಯುರೋಪಿನ ಅಂಶವನ್ನೂ ಕಂಡಿತು. ಆ ಯುರೋಪಿನ ಪಾಲು ಗೋವೆಯ ಯಾವ ಮನೆಯ ಒಡೆಯನಿಂದ ಬಂತೋ ಕೇಳುವವರಿರಲಿಲ್ಲ.

ಕಾಡಿಗೆ ಬಂದ ಮೇಲೆ ಅವರು ಮೂರು ಧರ್ಮಗಳಲ್ಲಿ ಹಂಚಿಹೋದರು: ಹಿಂದೂ, ಮುಸ್ಲಿಂ, ಕ್ರೈಸ್ತ. ಮನೆಮಾತು ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಡಮಾಮಿ ಎಂಬ ಚರ್ಮವಾದ್ಯ ಬಡಿದು ಕುಣಿಯುವಾಗ ಮಾತ್ರ ಕಡಲಾಚೆಯದೇನೋ ಉಳಿದಿದೆ ಎನಿಸುತ್ತದೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅವರ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡಿನಿಂದ ಹೊಲಿಯುವ ಕೌದಿ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವು ಕೂರಿಸುತ್ತಾರೆ. ಹೂವಿಲ್ಲದ್ದು ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ. ಕ್ರೈಸ್ತರ ಮನೆಯದಾದರೆ ನಡುವೆ ಶಿಲುಬೆ, ಮುಸ್ಲಿಮರದಾದರೆ ಚಂದ್ರ ಇರುವುದುಂಟು.

ಗೌಳಿಗರು ಎಮ್ಮೆ ಹೊಡೆದುಕೊಂಡು ಕೊಲ್ಹಾಪುರ, ಸಾತಾರಾ ಕಡೆಯಿಂದ ಮೇವು ಹುಡುಕುತ್ತ ಇಳಿದವರು. ಮನೆಯಲ್ಲಿ ಈಗಲೂ ಮರಾಠಿ, ವಾಸ ಕಾಡಂಚಿನ ದಡ್ಡಿ ಎಂಬ ಹಟ್ಟಿಗಳಲ್ಲಿ. ಅರಣ್ಯ ಇಲಾಖೆಯ ಬಿಗಿಯಿಂದ ಮೇವು ಕುಗ್ಗಿದಂತೆ ಎಮ್ಮೆಗಳೂ ಕಡಿಮೆಯಾಗಿ ಕೂಲಿ ಹೆಚ್ಚಾಯಿತು.

ಮೂಲ ಯಾವುದೆಂದು ಸಾಬೀತುಪಡಿಸುವ ಕೆಲಸ ಈ ಜನರಿಗೆ ಕೊನೆಗೆ ಬಂದು ನಿಂತದ್ದು ಜಾತಿ ಪ್ರಮಾಣಪತ್ರದಲ್ಲಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಯಲ್ಲಾಪುರದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಮೊದಲಿಗರಾಗಿ. ಅದೇ ಕಾಡಿನಲ್ಲಿ ಪಕ್ಕದಲ್ಲೇ ಬದುಕುವ ಗೌಳಿಗರು ಅದೇ ಪಟ್ಟಿಗೆ ತಮ್ಮನ್ನೂ ಸೇರಿಸಿ ಎಂದು ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ.