ಔಷಧದ ಅಂಗಡಿಯ ಉಮೇದುವಾರರು

ಯಲಹಂಕಕ್ಕೆ ಹೊಂದಿಕೊಂಡ ಕೋಗಿಲು ಒಂದು ಕಾಲಕ್ಕೆ ಕೆರೆಯ ಬದಿಯ ಹಳ್ಳಿ. ಈಗ ಅದು ಬೆಂಗಳೂರೇ. ಕೋಗಿಲು ಮುಖ್ಯರಸ್ತೆಯಲ್ಲಿ ಆದಿತ್ಯ ಸಂಸ್ಥೆಯ ಫಾರ್ಮಸಿ ಕಾಲೇಜು ಇದೆ. ಸುತ್ತಮುತ್ತ ಮೆಡಿಕಲ್ ಸ್ಟೋರ್‌ಗಳಿಗೂ ಬರವಿಲ್ಲ. ಕಾಲೇಜಿನಿಂದ ಅಂಗಡಿಗೆ ನಡೆದು ಹೋಗಲು ಹೆಚ್ಚು ಹೊತ್ತು ಬೇಡ. ಆದರೆ ಫಾರ್ಮಸಿ ಓದುವ ಹುಡುಗನೋ ಹುಡುಗಿಯೋ ಕಾನೂನಿನ ಪ್ರಕಾರ ಕೌಂಟರಿನ ಒಳಬದಿಗೆ ದಾಟಬೇಕಾದರೆ ನಡುವೆ ಒಂದು ವಿಚಿತ್ರ ಅವಧಿಯಿದೆ. ಡಿ.ಫಾರ್ಮ್ ಓದುವವರಿಗೆ ಅದು 500 ಗಂಟೆ. ಆಗ ಅವರು ಪೂರಾ ವಿದ್ಯಾರ್ಥಿಗಳೂ ಅಲ್ಲ, ಫಾರ್ಮಸಿಸ್ಟರೂ ಅಲ್ಲ.

ಅಮೆರಿಕದಲ್ಲಿ ಇಂಥವರಿಗೆ ‘ಇಂಟರ್ನ್’ ಎಂಬ ಹೆಸರುಂಟು. ಸಾಮಾನ್ಯವಾಗಿ ಆಯಾ ರಾಜ್ಯದ ಫಾರ್ಮಸಿ ಮಂಡಳಿ ಓದುತ್ತಿರುವಾಗಲೇ ಪರವಾನಗಿಯನ್ನೋ ನೋಂದಣಿಯನ್ನೋ ಕೊಡುತ್ತದೆ. ತಪ್ಪು ಮಾಡಿದರೆ ಮಂಡಳಿ ನೇರವಾಗಿ ಅವನನ್ನೇ ಕರೆದು ಕೇಳಬಹುದು. ಭಾರತದಲ್ಲಿ ಆ ಪದ್ಧತಿ ಬರಲಿಲ್ಲ. ಇಲ್ಲಿನ ಕಲಿಕೆ ನಡೆದದ್ದು ಬೇರೆ ದಾರಿಯಲ್ಲಿ, ಕಾಂಪೌಂಡರನ ದಾರಿಯಲ್ಲಿ.

ಹಿಂದಿನ ತಲೆಮಾರಿನವರಿಗೆ ಕಾಂಪೌಂಡರನ ಪರಿಚಯ ಮಾಡಿಕೊಡಬೇಕಿಲ್ಲ. ಮನೆಯಿಂದ ಖಾಲಿ ಸೀಸೆ ತೊಳೆದು ಒಯ್ದರೆ ಅದಕ್ಕೆ ಕೆಂಪು ಮಿಕ್ಸ್ಚರ್ ಸುರಿದು, ಅಂಚಿನಲ್ಲಿ ಕಚ್ಚು ಹಾಕಿದ ಕಾಗದದ ಪಟ್ಟಿ ಅಂಟಿಸಿ, ಒಂದು ಕಚ್ಚಿಗೆ ಒಂದು ಹೊತ್ತು ಎಂದು ಹೇಳಿ ಕಳಿಸುತ್ತಿದ್ದವನು ಅವನೇ. ಡಾಕ್ಟರ ಕೈಬರಹ ಓದಬಲ್ಲ ಏಕೈಕ ಮನುಷ್ಯ ಎಂಬ ಕೀರ್ತಿಯೂ ಅವನದೇ. ಬಹುಪಾಲು ಕಾಂಪೌಂಡರುಗಳು ಈ ವಿದ್ಯೆ ಕಲಿತದ್ದು ಕಾಲೇಜಿನಲ್ಲಲ್ಲ. ಹಿರಿಯ ಕಾಂಪೌಂಡರನ ಪಕ್ಕ ನಿಂತು, ಪುಡಿ ಅರೆದು, ಪೊಟ್ಟಣ ಕಟ್ಟಿ. ಇಂಗ್ಲೆಂಡಿನಲ್ಲಿ 1815ರ ಅಪೊಥೆಕರಿ ಕಾಯ್ದೆ ಐದು ವರ್ಷದ ಶಿಷ್ಯವೃತ್ತಿಯನ್ನು ಕಡ್ಡಾಯ ಮಾಡಿತ್ತು. ನಮ್ಮಲ್ಲಿ ಶಿಷ್ಯರಿದ್ದರು, ಅಂಥ ಕಡ್ಡಾಯ ಇರಲಿಲ್ಲ.

1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. ಮರುವರ್ಷ ಬಂದ ಅದರ ವರದಿ, ಔಷಧ ಕೊಡುವವರಿಗೆ ಶಿಕ್ಷಣವೂ ನೋಂದಣಿಯೂ ಬೇಕು ಎಂದಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣ ಆರಂಭಿಸಿದರು. ಕರ್ನಾಟಕಕ್ಕೆ ಆ ಗಾಳಿ ತಲುಪಲು ಇನ್ನೂ ಮೂರು ದಶಕ ಬೇಕಾಯಿತು: ಮಣಿಪಾಲದ ಕಾಲೇಜು 1963ರದು, ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರದು.

ಅಷ್ಟರಲ್ಲಿ ಕಾನೂನು ಬಂದಿತ್ತು. 1948ರ ಫಾರ್ಮಸಿ ಕಾಯ್ದೆ ರಾಜ್ಯಕ್ಕೊಂದು ನೋಂದಣಿ ಪುಸ್ತಕ ಇರಬೇಕೆಂದು ವಿಧಿಸಿತು. ಹಳೆಯ ಕಾಂಪೌಂಡರುಗಳನ್ನು ಬೀದಿಗೆ ಹಾಕಲು ಸಾಧ್ಯವಿರಲಿಲ್ಲ. ಆದ್ದರಿಂದ ಕನಿಷ್ಠ ಐದು ವರ್ಷ ಔಷಧ ಬೆರೆಸಿದ ಅನುಭವ ಇದ್ದವರಿಗೂ ಮೊದಲ ಪುಸ್ತಕದಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಬಾಗಿಲು ಪರೀಕ್ಷೆ ಪಾಸಾದವರಿಗೆ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧ ಬೆರೆಸುವಂತಿಲ್ಲ, ಕೊಡುವಂತಿಲ್ಲ ಎನ್ನುವುದು ಕಾಯ್ದೆಯ 42ನೇ ಕಲಂ. ಅದು ಜಾರಿಗೆ ಬರುವ ದಿನ ಗೊತ್ತುಮಾಡುವ ಕೆಲಸ ರಾಜ್ಯಗಳದಾಗಿತ್ತು. ರಾಜ್ಯಗಳಿಗೆ ಅವಸರ ಇರಲಿಲ್ಲ. ಕೊನೆಗೆ 1976ರ ತಿದ್ದುಪಡಿಯಿಂದ ಎಣಿಸಿ ಎಂಟು ವರ್ಷದ ಗಡುವು ಬಿತ್ತು. ಅದು ಮುಗಿದದ್ದು 1984ರ ಸೆಪ್ಟೆಂಬರ್ 1ರಂದು. ಒಂದು ಕಲಂ ಎಲ್ಲೆಡೆ ಕಾಲೂರಲು 36 ವರ್ಷ!

ಈ ಕಲಮಿನಿಂದಲೇ ವಿದ್ಯಾರ್ಥಿಯ ಇಕ್ಕಟ್ಟು. ನೋಂದಣಿ ಇಲ್ಲದೆ ಔಷಧ ಕೊಡುವಂತಿಲ್ಲ; ಔಷಧ ಕೊಟ್ಟು ಕಲಿಯದೆ ನೋಂದಣಿ ಇಲ್ಲ. ಭಾರತೀಯ ಫಾರ್ಮಸಿ ಕೌನ್ಸಿಲ್‌ನ 1991ರ ಶಿಕ್ಷಣ ನಿಯಮಗಳ ಪ್ರಕಾರ ಡಿ.ಫಾರ್ಮ್ ವಿದ್ಯಾರ್ಥಿ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆ ತರಬೇತಿ ಪಡೆಯಬೇಕು. ಅದರಲ್ಲಿ 250 ಗಂಟೆ ನಿಜವಾಗಿ ಚೀಟಿ ನೋಡಿ ಔಷಧ ಕೊಡುವುದಕ್ಕೇ ಮೀಸಲು. 2020ರ ಹೊಸ ನಿಯಮಗಳೂ ಈ ಲೆಕ್ಕವನ್ನು ಉಳಿಸಿಕೊಂಡವು. ಗಂಟು ಬಿಡಿಸುವುದು 1945ರ ಔಷಧ ನಿಯಮಗಳ ಒಂದು ಮಾತು: ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟನಿಂದ, ‘ಇಲ್ಲವೇ ಅವನ ಖುದ್ದು ಮೇಲ್ವಿಚಾರಣೆಯಲ್ಲಿ’. ಕಲಿಯುವವನು ನಿಂತಿರುವುದು ಈ ‘ಇಲ್ಲವೇ’ಯ ನೆರಳಿನಲ್ಲಿ.

ಅವನ ಕೈಯಲ್ಲಿ ಪರವಾನಗಿಯ ಬದಲು ಇರುವುದು ಒಂದು ಕರಾರು ಪತ್ರ, ಮೂರು ಪ್ರತಿಗಳಲ್ಲಿ. ಒಂದು ಕಾಲೇಜಿಗೆ, ಒಂದು ಗುರುವಿಗೆ, ಒಂದು ತನಗೆ. ನಿಯಮದ ಭಾಷೆಯಲ್ಲಿ ಆ ಗುರು ‘ಅಪ್ರೆಂಟಿಸ್ ಮಾಸ್ಟರ್’. ಅವರ ಮಾತು ಕೇಳುತ್ತೇನೆ, ಗೌರವದಿಂದ ನಡೆದುಕೊಳ್ಳುತ್ತೇನೆ ಎಂದು ಶಿಷ್ಯ ಬರೆದುಕೊಡಬೇಕು. ಹಳೆಯ ಕಾಂಪೌಂಡರನ ಕೋಣೆ ಇಲ್ಲಿ ಮತ್ತೆ ಕಣ್ಣಿಗೆ ಕಟ್ಟುತ್ತದೆ. ಒಬ್ಬ ಫಾರ್ಮಸಿಸ್ಟ್ ಇರುವಲ್ಲಿ ಇಬ್ಬರಿಗಿಂತ ಹೆಚ್ಚು ಶಿಷ್ಯರು ಇರುವಂತಿಲ್ಲ ಎಂಬ ಮಿತಿಯೂ ಉಂಟು. ಕಲಿಯಬೇಕಾದದ್ದು ಚೀಟಿ ಓದುವುದು, ಪ್ರಮಾಣ ಪರೀಕ್ಷಿಸುವುದು, ಔಷಧ ಕಾಪಾಡುವುದು, ದಾಖಲೆ ಬರೆಯುವುದು.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಎಲ್ಲವೂ ನಿಂತಿರುವುದು ಆ ಗುರುವಿನ ಮೇಲೆ. ಸರ್ಟಿಫಿಕೇಟು ಅಂಗಡಿಯ ಗೋಡೆಯಲ್ಲಿ, ಅದರ ಒಡೆಯರು ಇನ್ನೆಲ್ಲೋ ಎಂಬ ದೂರು ಈ ವೃತ್ತಿಯಲ್ಲಿ ಹಳೆಯದು. ಗುರುವೇ ಇಲ್ಲದ ಅಂಗಡಿಯಲ್ಲಿ ಶಿಷ್ಯ ಕಲಿಯುವುದು ಬಿಲ್ಲು ಹಾಕುವುದನ್ನು, ಪೆಟ್ಟಿಗೆ ಜೋಡಿಸುವುದನ್ನು. ಮಿಲಿಗ್ರಾಂಗೂ ಮೈಕ್ರೋಗ್ರಾಂಗೂ ಸಾವಿರ ಪಟ್ಟು ಅಂತರ. ಅದನ್ನು ಅವಸರದ ಕೈಬರಹದಲ್ಲಿ ಗುರುತಿಸಲು ಯಾರಾದರೂ ಪಕ್ಕದಲ್ಲಿ ನಿಂತು ಒಮ್ಮೆಯಾದರೂ ಗದರಿಸಬೇಕು. 500 ಗಂಟೆಗಳ ಖಾಲಿ ಸಹಿಯ ಬೆಲೆ ತೆರುವವನು ಮುಂದೆ ಬರುವ ರೋಗಿ. ಓದಿನ ಗುಣಮಟ್ಟದ ಅನುಮಾನ ಕೌನ್ಸಿಲ್ಲಿಗೂ ಇದ್ದಿರಬೇಕು. 2022ರಲ್ಲಿ ಅದು ಡಿ.ಫಾರ್ಮ್ ಮುಗಿಸಿದವರಿಗೆ ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆಯ ನಿಯಮಗಳನ್ನು ಹೊರಡಿಸಿತು. ಪರೀಕ್ಷೆ ಪಠ್ಯವನ್ನು ಅಳೆಯಬಲ್ಲದು. ಅಂಗಡಿಯಲ್ಲಿ ಗುರು ಇದ್ದರೇ ಎಂದು ಕೇಳಲಾರದು.

2008ರ ನಿಯಮಗಳೊಂದಿಗೆ ಬಂದ ಫಾರ್ಮ್.ಡಿ. ಓದಿನ ಕಥೆ ಬೇರೆ. ಐದು ವರ್ಷದ ಓದಿನ ಮೇಲೆ ಆರನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್, ಅದೂ ಆಸ್ಪತ್ರೆಯ ವಾರ್ಡುಗಳಲ್ಲಿ. ಅಲ್ಲಿಯೂ ಇಂಟರ್ನ್‌ಗೆ ಸ್ವಂತ ನೋಂದಣಿ ಸಂಖ್ಯೆ ಸಿಗುವುದಿಲ್ಲ.

ತರಬೇತಿ ಮುಗಿಸಿದ ಶಿಷ್ಯ ಭರ್ತಿಯಾದ ಕರಾರು ಪತ್ರವನ್ನು ಕಾಲೇಜಿಗೆ ಒಪ್ಪಿಸಿ, ಉಳಿದ ವಿಧಿಗಳನ್ನು ಪೂರೈಸಿ, ರಾಜ್ಯ ಫಾರ್ಮಸಿ ಕೌನ್ಸಿಲ್ಲಿಗೆ ಅರ್ಜಿ ಹಾಕುತ್ತಾನೆ. ಸಂಖ್ಯೆ ಬರುವವರೆಗೆ ಅವನು ಕೊಡುವ ಪ್ರತಿಯೊಂದು ಮಾತ್ರೆಗೂ ಹೊಣೆ, ಗೋಡೆಯ ಚೌಕಟ್ಟಿನಲ್ಲಿ ಹೆಸರಿರುವ ಇನ್ನೊಬ್ಬರದು.